ಡಿಜಿಟಲ್ ಸಹಿಯ ಡೋಂಗಲ್ ಎಲ್ಲಿರಬೇಕು? ಕಚೇರಿಯ ಜಾಲದಲ್ಲಿ ಯುಎಸ್‌ಬಿ ಸಾಧನಗಳ ಹಂಚಿಕೆ ಕುರಿತು ಸದಸ್ಯರಿಗೆ ಒಂದು ಅಭ್ಯಾಸ ಲೇಖನ



ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಗ್ರಾಮ ಪಂಚಾಯತಿಗಳಲ್ಲಿ ಹಣ ಪಾವತಿಯ ಅಧಿಕಾರವು ಇಂದು ಬಹುಮಟ್ಟಿಗೆ ಚೆಕ್ ಪುಸ್ತಕದಲ್ಲಿಲ್ಲ. ಹೆಬ್ಬೆರಳಿನಷ್ಟು ಉದ್ದದ ಡೋಂಗಲಿನಲ್ಲಿದೆ. 2020ರ ಏಪ್ರಿಲ್ 24ರಂದು, ರಾಷ್ಟ್ರೀಯ ಪಂಚಾಯತ್ ರಾಜ್ ದಿನದಂದು, ಇ-ಗ್ರಾಮಸ್ವರಾಜ್ ತಂತ್ರಾಂಶವು ಉದ್ಘಾಟನೆಗೊಂಡಿತು. ಅದನ್ನು ಸಾರ್ವಜನಿಕ ಹಣಕಾಸು ನಿರ್ವಹಣಾ ವ್ಯವಸ್ಥೆಗೆ ಜೋಡಿಸಿರುವುದರಿಂದ ಹಣಕಾಸು ಆಯೋಗದ ಅನುದಾನದ ಪಾವತಿಗಳಿಗೆ ಇಬ್ಬರ ಡಿಜಿಟಲ್ ಸಹಿ ಬೇಕಾಗುತ್ತದೆ: ಒಬ್ಬರು ಪಾವತಿಯನ್ನು ಸಿದ್ಧಪಡಿಸುವವರು, ಇನ್ನೊಬ್ಬರು ಪರಿಶೀಲಿಸಿ ಒಪ್ಪುವವರು. ನರೇಗಾ ಯೋಜನೆಯ ನಿಧಿ ವರ್ಗಾವಣೆ ಆದೇಶಗಳಲ್ಲಿಯೂ ಎರಡು ಸಹಿಗಳ ಪದ್ಧತಿ ರೂಢಿಗೆ ಬಂದಿತು. ಇ-ಸ್ವತ್ತಿನ ನಮೂನೆಗಳಿಗೂ ಡಿಜಿಟಲ್ ಸಹಿಯೇ ಆಧಾರ.

ಇದರ ಜೊತೆಗೆ ಮತ್ತೊಂದು ಬದಲಾವಣೆಯೂ ಆಗುತ್ತಿದೆ. ಕಚೇರಿಯಲ್ಲಿ ಒಂದೇ ಬಲವಾದ ಕಂಪ್ಯೂಟರನ್ನು ಇಟ್ಟು, ಅದರೊಳಗೆ ಲಿನಕ್ಸ್ ಆಧಾರಿತ ಹಲವು ವರ್ಚುವಲ್ ಯಂತ್ರಗಳನ್ನು ನಡೆಸಿ, ಡೋಂಗಲ್, ಮುದ್ರಕ, ಸ್ಕ್ಯಾನರ್ ಮುಂತಾದ ಯುಎಸ್‌ಬಿ ಸಾಧನಗಳನ್ನು ಜಾಲದ ಮೂಲಕ ಎಲ್ಲರಿಗೂ ಒದಗಿಸುವುದು ಸಾಧ್ಯವಾಗಿದೆ. ಇದು ಖರ್ಚು ಉಳಿಸುವ ಒಳ್ಳೆಯ ಉಪಾಯ. ಆದರೆ ಹಂಚಬಹುದಾದ ಸಾಧನ ಯಾವುದು, ಹಂಚಬಾರದ್ದು ಯಾವುದು ಎಂಬುದನ್ನು ತೀರ್ಮಾನಿಸುವವರು ತಂತ್ರಜ್ಞರಲ್ಲ, ಪಂಚಾಯತಿಯ ಸಭೆ. ಆ ತೀರ್ಮಾನಕ್ಕೆ ಬೇಕಾದಷ್ಟು ತಿಳಿವಳಿಕೆಯನ್ನು ಒದಗಿಸುವುದೇ ಈ ಲೇಖನದ ಉದ್ದೇಶ.

1. ಡೋಂಗಲಿನೊಳಗೆ ಏನಿದೆ?

ಡೋಂಗಲನ್ನು ಅನೇಕರು ಪೆನ್ ಡ್ರೈವ್ ಎಂದು ಭಾವಿಸುತ್ತಾರೆ. ಎರಡೂ ಹೊರನೋಟಕ್ಕೆ ಒಂದೇ. ಒಳಗಿನ ಸ್ವಭಾವ ಬೇರೆ. ಪೆನ್ ಡ್ರೈವಿನಲ್ಲಿ ಇಟ್ಟದ್ದನ್ನು ಯಾರಾದರೂ ನಕಲು ಮಾಡಿಕೊಳ್ಳಬಹುದು. ಡೋಂಗಲಿನಲ್ಲಿ ಒಂದು ಪುಟ್ಟ ಗಣಕ ಚಿಪ್ ಇರುತ್ತದೆ. ಸಹಿದಾರರ ಖಾಸಗಿ ಕೀಲಿಕೈ ಆ ಚಿಪ್ಪಿನಲ್ಲಿಯೇ ಹುಟ್ಟಿ ಅಲ್ಲಿಯೇ ಉಳಿಯುತ್ತದೆ, ಹೊರಗೆ ಬರುವುದಿಲ್ಲ. ಪಾವತಿ ಪಟ್ಟಿ ಸಿದ್ಧವಾದಾಗ ಕಂಪ್ಯೂಟರು ಆ ಪಟ್ಟಿಯ ಸಾರಾಂಶ ಸಂಖ್ಯೆಯೊಂದನ್ನು ಲೆಕ್ಕ ಹಾಕಿ ಡೋಂಗಲಿಗೆ ಕಳುಹಿಸುತ್ತದೆ. ಪಿನ್ ಸರಿಯಾಗಿದ್ದರೆ ಡೋಂಗಲ್ ಆ ಸಂಖ್ಯೆಗೆ ಸಹಿ ಹಾಕಿ ಹಿಂದಿರುಗಿಸುತ್ತದೆ. ಪಟ್ಟಿಯಲ್ಲಿ ಆಮೇಲೆ ಒಂದು ರೂಪಾಯಿ ಬದಲಾದರೂ ಸಹಿ ಹೊಂದುವುದಿಲ್ಲ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಡೋಂಗಲನ್ನು ನಕಲು ಮಾಡುವುದು ಸುಲಭವಲ್ಲ. ಎರಡನೆಯದು, ನಕಲು ಮಾಡುವ ಅಗತ್ಯವೂ ಇಲ್ಲ. ಡೋಂಗಲ್ ಯಂತ್ರಕ್ಕೆ ಜೋಡಿಸಿದ್ದು, ಪಿನ್ ತಿಳಿದಿದ್ದರೆ ಸಾಕು, ಸಹಿ ದೊರೆಯುತ್ತದೆ. ಹೀಗೆ ದೊರೆತ ಸಹಿಯು ಕಾನೂನಿನ ಕಣ್ಣಿಗೆ ಅಧ್ಯಕ್ಷರ ಸಹಿಯೇ. ಪಿನ್ ಒತ್ತಿದ ಬೆರಳು ಯಾರದು, ಪಟ್ಟಿಯನ್ನು ಓದಿದವರು ಯಾರು ಎಂಬುದನ್ನು ಆ ಸಹಿ ಹೇಳುವುದಿಲ್ಲ.

2. ಯಂತ್ರದೊಳಗಿನ ಯಂತ್ರ

ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅವರು ಆರಂಭಿಸಿದ, ಯಾರು ಬೇಕಾದರೂ ಉಚಿತವಾಗಿ ಬಳಸಿ ತಿದ್ದಬಹುದಾದ ಕಾರ್ಯಾಚರಣ ತಂತ್ರಾಂಶ. 2007ರಿಂದ ಅದರಲ್ಲಿ ಕೆವಿಎಂ ಎಂಬ ಅಂಗ ಸೇರಿದೆ. ಇದರ ಸಹಾಯದಿಂದ ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳು ಬೇರೆಬೇರೆಯಾಗಿ ನಡೆಯುತ್ತವೆ. ಇವುಗಳನ್ನೇ ವರ್ಚುವಲ್ ಯಂತ್ರಗಳೆನ್ನುತ್ತೇವೆ. ದೊಡ್ಡ ವಾಡೆಯನ್ನು ಅಣ್ಣತಮ್ಮಂದಿರು ಗೋಡೆ ಹಾಕಿ ಹಂಚಿಕೊಂಡಂತೆ: ನೆಲಗಟ್ಟು ಒಂದೇ, ಅಡುಗೆಮನೆ ಬೇರೆ, ಬಾಗಿಲು ಬೇರೆ.

ಪಂಚಾಯತಿ ಕಚೇರಿಗೆ ಇದರಿಂದ ಪ್ರಯೋಜನವೇನು? ಪಾವತಿಯ ಕೆಲಸಕ್ಕೆ ಮಾತ್ರ ಮೀಸಲಾದ ಒಂದು ವರ್ಚುವಲ್ ಯಂತ್ರವನ್ನು ಇಡಬಹುದು. ಅದರಲ್ಲಿ ಇ-ಮೇಲ್ ತೆರೆಯುವುದಿಲ್ಲ, ಹೊರಗಿನವರ ಪೆನ್ ಡ್ರೈವ್ ಚುಚ್ಚುವುದಿಲ್ಲ, ವಿಡಿಯೊ ನೋಡುವುದಿಲ್ಲ. ಕರ ವಸೂಲಿಗೆ ಇನ್ನೊಂದು, ಸಾರ್ವಜನಿಕರ ಅರ್ಜಿಗಳಿಗೆ ಮತ್ತೊಂದು. ಒಂದು ಯಂತ್ರಕ್ಕೆ ವೈರಸ್ ತಗುಲಿದರೂ ಇನ್ನೊಂದಕ್ಕೆ ಸುಲಭವಾಗಿ ಹರಡದು. ಕೆಟ್ಟುಹೋದ ವರ್ಚುವಲ್ ಯಂತ್ರವನ್ನು ಅಳಿಸಿ, ಮೊದಲೇ ಉಳಿಸಿಟ್ಟ ಪ್ರತಿಯಿಂದ ಮತ್ತೆ ಎಬ್ಬಿಸಬಹುದು. ಕರೆಂಟು ಹೋದಾಗ ಯುಪಿಎಸ್ ಹೊರಬೇಕಾದ ಭಾರವೂ ಕಡಿಮೆ.

ತೊಡಕು ಒಂದೇ. ವರ್ಚುವಲ್ ಯಂತ್ರಕ್ಕೆ ತನ್ನದೇ ಆದ ಯುಎಸ್‌ಬಿ ಕಿಂಡಿ ಇಲ್ಲ. ಡೋಂಗಲನ್ನು ಎಲ್ಲಿ ಚುಚ್ಚುವುದು?

3. ಯುಎಸ್‌ಬಿ ಸಾಧನ ಜಾಲದ ಮೇಲೆ ಸಾಗುವ ಬಗೆ

ಯುಎಸ್‌ಬಿ ಜೋಡಣೆಯ ಪದ್ಧತಿ 1996ರಲ್ಲಿ ಬಂದಿತು. ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವ ಯುಎಸ್‌ಬಿ 2.0 ತಂತಿಯ ಉದ್ದ 5 ಮೀಟರನ್ನು ಮೀರಬಾರದು. ಈ ಮಿತಿಯನ್ನು ದಾಟಲು ಜಪಾನಿನ ನಾರಾ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತಕಾಹಿರೊ ಹಿರೊಫುಚಿ ಮತ್ತು ಸಂಗಡಿಗರು ಒಂದು ವಿಧಾನವನ್ನು ರೂಪಿಸಿ 2005ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಅದರ ಹೆಸರು ಯುಎಸ್‌ಬಿ-ಐಪಿ. 2014ರಲ್ಲಿ ಹೊರಬಂದ ಲಿನಕ್ಸ್ 3.17ರಲ್ಲಿ ಅದು ಪ್ರಯೋಗದ ಹಂತವನ್ನು ದಾಟಿ ಲಿನಕ್ಸಿನ ಪೂರ್ಣ ಅಂಗವಾಯಿತು.

ಇದು ಕೆಲಸ ಮಾಡುವ ಕ್ರಮ ಹೀಗಿದೆ. ಸಾಧನವನ್ನು ಚುಚ್ಚಿದ ಕಂಪ್ಯೂಟರನ್ನು ನೀಡುವ ಯಂತ್ರವೆಂದೂ, ಅದನ್ನು ಬಳಸಲಿರುವ ವರ್ಚುವಲ್ ಯಂತ್ರವನ್ನು ಪಡೆಯುವ ಯಂತ್ರವೆಂದೂ ಕರೆಯೋಣ. ಮೊದಲ ಹಂತದಲ್ಲಿ ನೀಡುವ ಯಂತ್ರವು ಸಾಧನವನ್ನು ತನ್ನ ಬಳಕೆಯಿಂದ ಬಿಡಿಸಿ ಹಂಚಿಕೆಗೆ ಇಡುತ್ತದೆ. ಇದಕ್ಕೆ ಬೈಂಡ್ ಎನ್ನುತ್ತಾರೆ. ಎರಡನೆಯ ಹಂತದಲ್ಲಿ ಅದೇ ಯಂತ್ರದ ಒಂದು ಸೇವಾ ತಂತ್ರಾಂಶವು ಜಾಲದ 3240ನೆಯ ಪೋರ್ಟಿನಲ್ಲಿ ಕಿವಿಗೊಟ್ಟು ಕಾಯುತ್ತದೆ. ಮೂರನೆಯ ಹಂತದಲ್ಲಿ ಪಡೆಯುವ ಯಂತ್ರವು ತನ್ನೊಳಗೆ ಒಂದು ಕಲ್ಪಿತ ಯುಎಸ್‌ಬಿ ಕಿಂಡಿಯನ್ನು ನಿರ್ಮಿಸಿಕೊಂಡು, ಸಾಧನವನ್ನು ಅದಕ್ಕೆ ಜೋಡಿಸಿಕೊಳ್ಳುತ್ತದೆ. ಇದು ಅಟ್ಯಾಚ್. ಅಲ್ಲಿಂದ ಮುಂದೆ ವರ್ಚುವಲ್ ಯಂತ್ರಕ್ಕೆ ಡೋಂಗಲ್ ತನ್ನ ಮೈಮೇಲೆಯೇ ಇದ್ದಂತೆ ಕಾಣುತ್ತದೆ. ಕೆಲಸ ಮುಗಿದ ಮೇಲೆ ಡಿಟ್ಯಾಚ್ ಮಾಡಬೇಕು.

ಆದೇಶಗಳ ಹೆಸರನ್ನು ಸದಸ್ಯರು ನೆನಪಿಡಬೇಕಾಗಿಲ್ಲ. ಅದು ಕಂಪ್ಯೂಟರ್ ನಿರ್ವಾಹಕರ ಕೆಲಸ. ಆದರೆ ಈ ವಿಧಾನದ ನಾಲ್ಕು ಗುಣಗಳನ್ನು ಅರಿತಿರಬೇಕು.

ಅ) ಒಂದು ಸಾಧನವು ಒಂದು ಸಮಯದಲ್ಲಿ ಒಂದೇ ಯಂತ್ರಕ್ಕೆ ದೊರೆಯುತ್ತದೆ. ಒಬ್ಬರು ಬಿಟ್ಟ ಮೇಲೆಯೇ ಇನ್ನೊಬ್ಬರಿಗೆ.

ಆ) ಈ ವಿಧಾನದಲ್ಲಿ ಸ್ವತಃ ಪಾಸ್‌ವರ್ಡ್ ಇಲ್ಲ. ಆ ಪೋರ್ಟಿನವರೆಗೆ ತಲುಪಬಲ್ಲ ಯಾವ ಯಂತ್ರವಾದರೂ, ಹಂಚಿಕೆಗೆ ಇಟ್ಟ ಸಾಧನವನ್ನು ತನ್ನದಾಗಿಸಿಕೊಳ್ಳಬಹುದು. ಯಾರಿಗೆ ಪ್ರವೇಶ ಎಂಬುದನ್ನು ಫೈರ್‌ವಾಲ್ ಮೂಲಕ ಬೇರೆಯಾಗಿಯೇ ನಿರ್ಬಂಧಿಸಬೇಕು.

ಇ) ತಂತಿಯ ಮೇಲೆ ಸಾಗುವ ಮಾಹಿತಿಯನ್ನು ಈ ವಿಧಾನವು ಗುಪ್ತಲಿಪಿಗೆ ಬದಲಿಸುವುದಿಲ್ಲ. ಡೋಂಗಲಿನ ತಂತ್ರಾಂಶವು ತಾನಾಗಿ ಆ ರಕ್ಷಣೆ ಒದಗಿಸದಿದ್ದರೆ, ಒತ್ತಿದ ಪಿನ್ ಕೂಡ ದಾರಿಯಲ್ಲಿ ಓದಲು ಸಿಗಬಹುದು.

ಈ) ಜಾಲ ಕಡಿದರೆ, ಡೋಂಗಲನ್ನು ನಡುವೆಯೇ ಕಿತ್ತಂತಾಗುತ್ತದೆ. ಸಹಿ ಆಯಿತೇ ಇಲ್ಲವೇ ಎಂದು ಪಾವತಿ ಪಟ್ಟಿಯನ್ನು ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಆತುರದಿಂದ ಎರಡನೆಯ ಪಟ್ಟಿ ಸಿದ್ಧಪಡಿಸಬಾರದು.

4. ಯಾವುದನ್ನು ಹೇಗೆ ಹಂಚಬೇಕು?

ಮುದ್ರಕವನ್ನು ಹಂಚಲು ಯುಎಸ್‌ಬಿ-ಐಪಿ ಬೇಕಾಗಿಯೇ ಇಲ್ಲ. ಲಿನಕ್ಸಿನಲ್ಲಿರುವ ಕಪ್ಸ್ ಎಂಬ ಮುದ್ರಣ ಸೇವೆಯು ಎಲ್ಲರ ಕಡತಗಳನ್ನು ಸರದಿಯಲ್ಲಿ ಇಟ್ಟು ಒಂದೊಂದಾಗಿ ಮುದ್ರಿಸುತ್ತದೆ. ಸ್ಕ್ಯಾನರಿಗೂ ಇಂಥದೇ ಸೇವೆ ಉಂಟು. ಕಡತಗಳಿಗಾಗಿ ಹಂಚಿಕೆಯ ಫೋಲ್ಡರ್ ಸಾಕು. ಸಾಧನವನ್ನು ಹಂಚುವ ಬದಲು ಅದರ ಸೇವೆಯನ್ನು ಹಂಚುವುದು ಎಂದಿಗೂ ಮೇಲು; ಆಗ ಒಬ್ಬರು ಬಳಸುವಾಗ ಉಳಿದವರು ಕೈಕಟ್ಟಿ ಕೂರಬೇಕಾಗುವುದಿಲ್ಲ.

ಬೆರಳಚ್ಚಿನ ಸಾಧನದ ಮಾತು ಬೇರೆ. ಆಧಾರ್ ದೃಢೀಕರಣಕ್ಕೆ ಬಳಸುವುದು ಯುಐಡಿಎಐ ನೋಂದಾಯಿತ ಸಾಧನ. ಫಲಾನುಭವಿಯು ಯಾರ ಎದುರಿಗೆ ಬೆರಳು ಇಡುತ್ತಾರೋ ಆ ಮೇಜಿನ ಕಂಪ್ಯೂಟರಿಗೇ ಅದು ನೇರವಾಗಿ ಜೋಡಿಸಿರಬೇಕು. ವೃದ್ಧಾಪ್ಯ ವೇತನಕ್ಕೆ ಬಂದ ಅಜ್ಜಿಯ ಬೆರಳಚ್ಚು ಯಾವ ಯಂತ್ರಕ್ಕೆ ಹೋಯಿತು ಎಂಬುದು ಆಕೆಯ ಕಣ್ಣಿಗೆ ಕಾಣುವಂತಿರಬೇಕು.

ಇನ್ನು ಡೋಂಗಲ್. ಇದನ್ನು ಜಾಲದ ಮೂಲಕ ಬಳಸುವುದರಲ್ಲಿ ಎರಡು ದಿಕ್ಕುಗಳಿವೆ. ಎರಡರಲ್ಲಿಯೂ ತಂತ್ರಜ್ಞಾನ ಒಂದೇ, ಪರಿಣಾಮ ಮಾತ್ರ ತದ್ವಿರುದ್ಧ.

ಮೊದಲ ದಿಕ್ಕು: ಅಧ್ಯಕ್ಷರ ಮತ್ತು ಪಿಡಿಒ ಅವರ ಡೋಂಗಲುಗಳೆರಡನ್ನೂ ಕಚೇರಿಯ ದೊಡ್ಡ ಯಂತ್ರಕ್ಕೆ ಚುಚ್ಚಿ ಅಲ್ಲಿಯೇ ಬಿಡುವುದು, ಬೇಕಾದವರು ಬೇಕಾದಾಗ ಜಾಲದ ಮೂಲಕ ಬಳಸುವುದು. ಇದರಲ್ಲಿ ಇಬ್ಬರ ಸಹಿ ಎಂಬ ವ್ಯವಸ್ಥೆಯೇ ಕುಸಿಯುತ್ತದೆ. ಎರಡು ಪಿನ್ ತಿಳಿದ ಒಬ್ಬರೇ ಸಿದ್ಧಪಡಿಸುವವರೂ ಆಗುತ್ತಾರೆ, ಒಪ್ಪುವವರೂ ಆಗುತ್ತಾರೆ.

ಎರಡನೆಯ ದಿಕ್ಕು: ಡೋಂಗಲ್ ಅದರ ಒಡೆಯರ ಬಳಿಯೇ ಇರುತ್ತದೆ. ಅಧ್ಯಕ್ಷರು ತಮ್ಮ ಮೇಜಿನ ಬಳಿ ಕುಳಿತು, ಮುಂದಿರುವ ಚಿಕ್ಕ ಕಂಪ್ಯೂಟರಿಗೆ ಡೋಂಗಲನ್ನು ತಾವೇ ಚುಚ್ಚುತ್ತಾರೆ. ಒಳಕೋಣೆಯ ದೊಡ್ಡ ಯಂತ್ರದಲ್ಲಿ ನಡೆಯುತ್ತಿರುವ ಪಾವತಿಯ ವರ್ಚುವಲ್ ಯಂತ್ರವು ಜಾಲದ ಮೂಲಕ ಅದನ್ನು ತಲುಪುತ್ತದೆ. ಪರದೆಯ ಮೇಲೆ ಪಟ್ಟಿ ಮೂಡುತ್ತದೆ, ಅಧ್ಯಕ್ಷರು ಅದನ್ನು ನೋಡಿ ಪಿನ್ ಒತ್ತುತ್ತಾರೆ, ಸಹಿಯಾದ ಕೂಡಲೇ ಡೋಂಗಲನ್ನು ಕಿತ್ತು ತಮ್ಮ ಬಳಿ ಇಟ್ಟುಕೊಳ್ಳುತ್ತಾರೆ. ಇಲ್ಲಿ ಡೋಂಗಲ್ ಯಂತ್ರದ ಬಳಿಗೆ ಹೋಗಲಿಲ್ಲ. ಯಂತ್ರವೇ ಡೋಂಗಲಿನ ಬಳಿಗೆ ಬಂದಿತು.

ಸದಸ್ಯರು ನೆನಪಿಡಬೇಕಾದ ನಿಯಮ ಇದೊಂದೇ: ಯಂತ್ರಗಳು ಎಲ್ಲಿ ಬೇಕಾದರೂ ಇರಲಿ, ಡೋಂಗಲ್ ಮಾತ್ರ ಅದರ ಒಡೆಯರು ಕುಳಿತಲ್ಲಿ ಇರಬೇಕು.

5. ಕಾನೂನು ಏನು ಹೇಳುತ್ತದೆ?

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 42ನೆಯ ಪ್ರಕರಣದ ಪ್ರಕಾರ, ಡಿಜಿಟಲ್ ಸಹಿ ಪ್ರಮಾಣಪತ್ರ ಪಡೆದವರು ತಮ್ಮ ಖಾಸಗಿ ಕೀಲಿಕೈಯನ್ನು ತಮ್ಮ ನಿಯಂತ್ರಣದಲ್ಲಿಯೇ ಇಟ್ಟುಕೊಳ್ಳಲು ಯುಕ್ತ ಎಚ್ಚರಿಕೆ ವಹಿಸಬೇಕು. ಅದು ಪರರ ಪಾಲಾದರೆ ವಿಳಂಬವಿಲ್ಲದೆ ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಿಳಿಸಬೇಕು. ಹಾಗೆ ತಿಳಿಸುವವರೆಗೂ ಹೊಣೆ ಸಹಿದಾರರದೇ ಎಂದು ಅದೇ ಪ್ರಕರಣದ ವಿವರಣೆ ಹೇಳುತ್ತದೆ. ಆದ್ದರಿಂದ ‘ಡೋಂಗಲ್ ಕಚೇರಿಯಲ್ಲಿತ್ತು, ನನಗೆ ತಿಳಿಯದೆ ಸಹಿಯಾಯಿತು’ ಎಂಬ ಉತ್ತರವು ಹೊಣೆಯಿಂದ ಪಾರುಮಾಡುವ ಉತ್ತರವಲ್ಲ.

66-ಸಿ ಪ್ರಕರಣವು ಇನ್ನೊಂದು ಮಗ್ಗುಲನ್ನು ನೋಡುತ್ತದೆ. ಮತ್ತೊಬ್ಬರ ಎಲೆಕ್ಟ್ರಾನಿಕ್ ಸಹಿ ಅಥವಾ ಪಾಸ್‌ವರ್ಡನ್ನು ವಂಚನೆಯಿಂದ ಇಲ್ಲವೇ ಅಪ್ರಾಮಾಣಿಕವಾಗಿ ಬಳಸಿದವರಿಗೆ ಮೂರು ವರ್ಷಗಳವರೆಗೆ ಕಾರಾವಾಸ ಮತ್ತು 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಪ್ರಮಾಣಪತ್ರದ ಒಡೆಯರು ಕೋರಿದಾಗ, ಅಥವಾ ಅವರು ಮರಣ ಹೊಂದಿದಾಗ, ಪ್ರಮಾಣಪತ್ರವನ್ನು ರದ್ದುಪಡಿಸಲು 38ನೆಯ ಪ್ರಕರಣದಲ್ಲಿ ಅವಕಾಶವಿದೆ. ಅಧ್ಯಕ್ಷರು ಬದಲಾದಾಗ ಹಳೆಯ ಡೋಂಗಲನ್ನು ಮುಂದುವರಿಸುವಂತಿಲ್ಲ. ಡಿಜಿಟಲ್ ಸಹಿ ವ್ಯಕ್ತಿಯದು, ಕುರ್ಚಿಯದಲ್ಲ. ವರ್ಗಾವಣೆಯಾದ ಪಿಡಿಒ ಅವರಿಗೂ ಇದೇ ಮಾತು ಅನ್ವಯಿಸುತ್ತದೆ. ಈ ಲೇಖನವನ್ನು ಬರೆಯುತ್ತಿರುವುದು ಒಬ್ಬ ಪಿಡಿಒ. ಪಿಡಿಒಗಳಿಗೆ ಇದರಿಂದ ವಿನಾಯಿತಿ ಇಲ್ಲ.

6. ‘ಅಧ್ಯಕ್ಷರಿಗೆ ಕಂಪ್ಯೂಟರ್ ಬರುವುದಿಲ್ಲ’

ಡೋಂಗಲನ್ನು ಬೇರೆಯವರ ಕೈಗೆ ಕೊಡಲು ಸಾಮಾನ್ಯವಾಗಿ ಹೇಳುವ ಕಾರಣ ಇದು. ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಹೊಲದ ಕೆಲಸದಿಂದ ನೇರವಾಗಿ ಅಧ್ಯಕ್ಷರ ಕುರ್ಚಿಗೆ ಬಂದ ತಾಯಂದಿರು ನಮ್ಮಲ್ಲಿ ಇದ್ದಾರೆ. ಅಕ್ಷರ ಕಲಿಯುವ ಅವಕಾಶ ಸಿಗದವರೂ ಇದ್ದಾರೆ. ಅವರ ಡೋಂಗಲ್ ಪತಿಯ ಜೇಬಿನಲ್ಲಿ, ಮಗನ ಮೊಬೈಲ್ ಚೀಲದಲ್ಲಿ ಅಥವಾ ನಿರ್ವಾಹಕರ ಮೇಜಿನ ಖಾನೆಯಲ್ಲಿ ಇರುವುದನ್ನು ಸಹಜವೆಂದು ಭಾವಿಸುವ ರೂಢಿ ಬೆಳೆಯಬಾರದು.

ಸಹಿ ಹಾಕಲು ಕಂಪ್ಯೂಟರ್ ಪರಿಣತಿ ಬೇಕಾಗಿಲ್ಲ. ಬೇಕಾಗಿರುವುದು ಮೂರು: ಯಾರಿಗೆ, ಎಷ್ಟು, ಯಾವ ಕೆಲಸಕ್ಕೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ. ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ, ಅಧ್ಯಕ್ಷರಿಗೆ ಓದಲು ಬಾರದಿದ್ದರೆ ಅವರು ನಂಬುವ ಒಬ್ಬ ಸದಸ್ಯರಿಂದ ಗಟ್ಟಿಯಾಗಿ ಓದಿಸಬೇಕು. ಆ ಮೇಲೆ ಅಧ್ಯಕ್ಷರು ತಾವೇ ಪಿನ್ ಒತ್ತಬೇಕು. ಅಂಕಿಗಳ ಪಿನ್ ಇಟ್ಟುಕೊಂಡರೆ ಕಲಿಯಲು ಹೆಚ್ಚು ಹೊತ್ತು ಬೇಕಾಗಿಲ್ಲ; ಮೊಬೈಲಿನಲ್ಲಿ ಸಂಖ್ಯೆ ಒತ್ತಬಲ್ಲವರೆಲ್ಲರೂ ಕಲಿಯಬಲ್ಲರು. ಹಿಂದೆ ಚೆಕ್ಕಿಗೆ ಸಹಿ ಹಾಕುವಾಗ ‘ಇದು ಯಾವ ಬಾಬ್ತು?’ ಎಂದು ಕೇಳುವ ಹಕ್ಕು ಅಧ್ಯಕ್ಷರಿಗೆ ಇತ್ತು. ಡೋಂಗಲ್ ಬಂದ ಮಾತ್ರಕ್ಕೆ ಆ ಹಕ್ಕು ಹೋಗಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಒಂದು ಪಂಚಾಯತಿಯಲ್ಲಿ ಎರಡೂ ಡೋಂಗಲುಗಳು ಕಚೇರಿಯ ಯಂತ್ರದಲ್ಲಿಯೇ ಇವೆ. ಪಿನ್‌ಗಳು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿವೆ. ಬೇಸಿಗೆಯಲ್ಲಿ ಕೊಳವೆಬಾವಿಯ ಮೋಟರು ದುರಸ್ತಿಗೆ ಬಿಲ್ಲು ಬರುತ್ತದೆ. ಜಾಲ ಕಡಿದಿದ್ದರಿಂದ ಪಾವತಿ ಆಗಿಲ್ಲವೆಂದು ಭಾವಿಸಿ ಅದೇ ಬಿಲ್ಲಿಗೆ ಮತ್ತೊಂದು ಪಟ್ಟಿ ಸಿದ್ಧವಾಗುತ್ತದೆ. ಎರಡೂ ಪಾವತಿಯಾಗುತ್ತವೆ. ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬಂದಾಗ ಉತ್ತರ ಕೊಡಬೇಕಾದವರು, ಆ ದಿನ ಕಚೇರಿಗೇ ಬಾರದಿದ್ದ ಅಧ್ಯಕ್ಷರು. ಇಲ್ಲಿ ಕಳ್ಳತನ ನಡೆದಿಲ್ಲ, ದುರುದ್ದೇಶವೂ ಇಲ್ಲ. ಡೋಂಗಲ್ ಇರಬೇಕಾದಲ್ಲಿ ಇರಲಿಲ್ಲ, ಅಷ್ಟೆ. ಎರಡನೆಯ ಪಟ್ಟಿ ಅಧ್ಯಕ್ಷರ ಮುಂದೆ ಬಂದಿದ್ದರೆ ‘ಇದಕ್ಕೆ ನಿನ್ನೆಯೇ ಪಿನ್ ಒತ್ತಿದೆನಲ್ಲ’ ಎಂಬ ಒಂದು ಮಾತು ಸಾಕಾಗುತ್ತಿತ್ತು.

7. ದೂರದಲ್ಲಿರುವಾಗ, ದಾರಿ ಕಡಿದಾಗ

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದು ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿತೀರದ ಗ್ರಾಮಗಳು ಜಲಾವೃತವಾದುದನ್ನು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿಯೇ ಕುಡಿಯುವ ನೀರು, ಬ್ಲೀಚಿಂಗ್ ಪುಡಿ, ಚರಂಡಿ ಸ್ವಚ್ಛತೆಗಳಿಗೆ ತುರ್ತು ಪಾವತಿ ಬೇಕಾಗುತ್ತದೆ; ಅಂಥ ಹೊತ್ತಿನಲ್ಲಿಯೇ ಅಧ್ಯಕ್ಷರು ಒಂದು ದಂಡೆಯಲ್ಲಿ, ಕಚೇರಿ ಇನ್ನೊಂದು ದಂಡೆಯಲ್ಲಿ ಇರಬಹುದು. ‘ಡೋಂಗಲ್ ಕಚೇರಿಯಲ್ಲಿಯೇ ಇದ್ದರೆ ಅನುಕೂಲ’ ಎಂಬ ವಾದಕ್ಕೆ ಇಲ್ಲಿ ಬಲ ಬರುತ್ತದೆ.

ಆದರೆ ಎರಡನೆಯ ದಿಕ್ಕಿನ ಹಂಚಿಕೆ ಇಲ್ಲಿಯೇ ನಿಜವಾಗಿ ನೆರವಿಗೆ ಬರುತ್ತದೆ. ಡೋಂಗಲ್ ಅಧ್ಯಕ್ಷರ ಬಳಿಯಿದ್ದರೆ, ಅವರು ಇರುವ ಊರಿನಲ್ಲಿ ಒಂದು ಲ್ಯಾಪ್‌ಟಾಪ್ ಮತ್ತು ಅಂತರ್ಜಾಲ ಸಾಕು. ಆ ಲ್ಯಾಪ್‌ಟಾಪಿನಿಂದಲೇ ಜಾಲತಾಣಕ್ಕೆ ಹೋಗಿ ಸಹಿ ಮಾಡುವುದು ಎಲ್ಲಕ್ಕಿಂತ ಸರಳ. ಕಚೇರಿಯ ವರ್ಚುವಲ್ ಯಂತ್ರದಿಂದಲೇ ಆಗಬೇಕಾದರೆ, ನಡುವಿನ ದಾರಿಯನ್ನು ಗುಪ್ತಲಿಪಿಯ ಕೊಳವೆಯಿಂದ ಮುಚ್ಚಲೇಬೇಕು. ಲಿನಕ್ಸಿನಲ್ಲಿ ಇದಕ್ಕೆ ಎಸ್‌ಎಸ್‌ಎಚ್ ಉಂಟು. 2020ರಲ್ಲಿ ಲಿನಕ್ಸ್ 5.6ರೊಡನೆ ಸೇರಿದ ವೈರ್‌ಗಾರ್ಡ್ ಉಂಟು. ಎರಡೂ ಉಚಿತ. ಈ ಕೊಳವೆಯಿಲ್ಲದೆ 3240ನೆಯ ಪೋರ್ಟನ್ನು ಹೊರಗಿನ ಅಂತರ್ಜಾಲಕ್ಕೆ ತೆರೆಯುವುದು, ಪಂಚಾಯತಿಯ ತಿಜೋರಿಯನ್ನು ಸಂತೆಯಲ್ಲಿ ತಂದಿಟ್ಟಂತೆ.

8. ಸಭೆಯು ಕೈಗೊಳ್ಳಬಹುದಾದ ಮಾದರಿ ಠರಾವು

ಸಾಮಾನ್ಯ ಸಭೆಯಲ್ಲಿ ಚರ್ಚಿಸಿ, ತಮ್ಮ ಪಂಚಾಯತಿಗೆ ಹೊಂದುವಂತೆ ತಿದ್ದಿಕೊಂಡು, ಈ ಕೆಳಗಿನ ಅಂಶಗಳನ್ನು ಅಂಗೀಕರಿಸಬಹುದು.

(1) ಕಚೇರಿಯ ಮುದ್ರಕ ಮತ್ತು ಸ್ಕ್ಯಾನರುಗಳನ್ನು ಕಚೇರಿಯ ಒಳಜಾಲದಲ್ಲಿ ಎಲ್ಲ ಯಂತ್ರಗಳಿಗೂ ಒದಗಿಸತಕ್ಕದ್ದು.

(2) ಡಿಜಿಟಲ್ ಸಹಿಯ ಡೋಂಗಲನ್ನು ಅದರ ಒಡೆಯರು ಹಾಜರಿರುವಾಗ ಮಾತ್ರ ಯಂತ್ರಕ್ಕೆ ಜೋಡಿಸತಕ್ಕದ್ದು. ಸಹಿಯಾದ ಕೂಡಲೇ ಕಿತ್ತು ಒಡೆಯರು ತಮ್ಮ ವಶದಲ್ಲಿ ಇಟ್ಟುಕೊಳ್ಳತಕ್ಕದ್ದು.

(3) ಪಿನ್ನನ್ನು ಯಾರಿಗೂ ತಿಳಿಸತಕ್ಕದ್ದಲ್ಲ, ಎಲ್ಲಿಯೂ ಬರೆದಿಡತಕ್ಕದ್ದಲ್ಲ. ಈಗಾಗಲೇ ಇತರರಿಗೆ ತಿಳಿದಿದ್ದರೆ ಈ ಸಭೆಯ ದಿನದಂದೇ ಬದಲಿಸತಕ್ಕದ್ದು.

(4) ಜಾಲದ ಮೂಲಕ ಡೋಂಗಲ್ ಬಳಸುವುದಾದರೆ, ಪಾವತಿಗೆ ಮೀಸಲಾದ ಒಂದೇ ವರ್ಚುವಲ್ ಯಂತ್ರಕ್ಕೆ ಮಾತ್ರ ಫೈರ್‌ವಾಲ್ ಮೂಲಕ ಅವಕಾಶ ಕೊಡತಕ್ಕದ್ದು.

(5) ಸಹಿಯ ವಹಿಯೊಂದನ್ನು ಇಡತಕ್ಕದ್ದು. ದಿನಾಂಕ, ಪಟ್ಟಿಯ ಸಂಖ್ಯೆ, ಮೊತ್ತ, ಸಹಿ ಮಾಡಿದ ಸ್ಥಳ ಇವುಗಳನ್ನು ನಮೂದಿಸಿ, ಒಡೆಯರು ಸಹಿ ಅಥವಾ ಹೆಬ್ಬೆಟ್ಟು ಒತ್ತತಕ್ಕದ್ದು.

(6) ಪ್ರತಿ ಸಾಮಾನ್ಯ ಸಭೆಯಲ್ಲಿ ಈ ವಹಿಯನ್ನು ಪಾವತಿ ಪಟ್ಟಿಯೊಂದಿಗೆ ತಾಳೆ ನೋಡತಕ್ಕದ್ದು.

ಐದನೆಯ ಅಂಶವು ಹಳೆಯ ಕಾಲದ ಪದ್ಧತಿಯಂತೆ ಕಾಣಬಹುದು. ಆದರೆ ಯಂತ್ರವು ದಾಖಲಿಸದ ಒಂದು ಸಂಗತಿಯನ್ನು, ಅಂದರೆ ಸಹಿಯ ಹೊತ್ತಿಗೆ ಒಡೆಯರು ಅಲ್ಲಿ ಇದ್ದರೇ ಎಂಬುದನ್ನು, ಈ ಕಾಗದದ ವಹಿಯೇ ದಾಖಲಿಸಬಲ್ಲದು.

9. ಚರ್ಚೆಗೆ ಪ್ರಶ್ನೆಗಳು

ಅ) ನಮ್ಮ ಪಂಚಾಯತಿಯ ಎರಡು ಡೋಂಗಲುಗಳು ಈ ಕ್ಷಣದಲ್ಲಿ ಎಲ್ಲಿವೆ? ಯಾರ ವಶದಲ್ಲಿವೆ?

ಆ) ಅವುಗಳ ಪಿನ್ ಎಷ್ಟು ಜನರಿಗೆ ತಿಳಿದಿದೆ?

ಇ) ಪ್ರಮಾಣಪತ್ರಗಳ ಅವಧಿ ಎಂದು ಮುಗಿಯುತ್ತದೆ? ಹಿಂದಿನ ಅಧ್ಯಕ್ಷರ ಮತ್ತು ವರ್ಗಾವಣೆಯಾದ ಅಧಿಕಾರಿಗಳ ಪ್ರಮಾಣಪತ್ರಗಳನ್ನು ತಂತ್ರಾಂಶದಿಂದ ತೆಗೆಸಲಾಗಿದೆಯೇ?

ಈ) ಕಳೆದ ತಿಂಗಳ ಪಾವತಿಗಳಲ್ಲಿ ಯಾವುದಾದರೂ ಮೂರನ್ನು ಆರಿಸಿ: ಸಹಿಯಾದ ದಿನ ಮತ್ತು ಹೊತ್ತಿನಲ್ಲಿ ಅಧ್ಯಕ್ಷರು ಎಲ್ಲಿದ್ದರು?

ಈ ಪ್ರಶ್ನೆಗಳನ್ನು ಕೇಳುವುದು ಯಾರ ಮೇಲೂ ಸಂಶಯಪಡುವುದಲ್ಲ. ಅಧ್ಯಕ್ಷರನ್ನೂ ಅಧಿಕಾರಿಯನ್ನೂ ನಿರ್ವಾಹಕರನ್ನೂ ನಾಳಿನ ಆಪಾದನೆಯಿಂದ ಕಾಯುವ ದಾರಿ ಇದು. ಮೊದಲನೆಯ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ, ಉಳಿದ ಕಾರ್ಯಸೂಚಿಯನ್ನು ಬದಿಗಿರಿಸಿ ಸಭೆಯು ಮೊದಲು ಡೋಂಗಲನ್ನು ಹುಡುಕಿ ಒಡೆಯರ ಕೈಗೆ ಒಪ್ಪಿಸತಕ್ಕದ್ದು.